ಹಳೆಯ ಗಾಜನ್ನು ಬುಡದಿಂದ ನೋಡಿ

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನ ಇಸ್ಲಾಮೀ ಕಲೆಯ ಸಂಗ್ರಹದಲ್ಲಿ ಒಂದು ಗಾಜಿನ ದೀಪವಿದೆ. ದೂರದಿಂದ ನೋಡಿದವರು ಅದನ್ನು ಹೂದಾನಿ ಎಂದುಕೊಳ್ಳುತ್ತಾರೆ. ಅಗಲವಾದ ಬಾಯಿ, ಉಬ್ಬಿದ ಹೊಟ್ಟೆ, ಕೆಳಗೊಂದು ಪಾದ. ಜನ ಬರುತ್ತಾರೆ, ಪಕ್ಕದ ಫಲಕ ಓದುತ್ತಾರೆ, ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಂಡು ಮುಂದಕ್ಕೆ ಹೋಗುತ್ತಾರೆ. ನಾನೂ ಮೊದಲ ಸಲ ಹಾಗೆಯೇ ಮಾಡಿದೆ. ಆಮೇಲೆ ಆ ದೀಪಕ್ಕೆ ಎಷ್ಟು ಹಿಡಿಕೆಗಳಿದ್ದವು ಎಂದು ಯಾರೋ ಕೇಳಿದಾಗ ಹೇಳಲು ಬರಲಿಲ್ಲ. ಫಲಕದಲ್ಲಿದ್ದ ಇಸವಿ ಮಾತ್ರ ನೆನಪಿತ್ತು. ನೋಡಲು ಹೋದವನು ಓದಿ ಬಂದಿದ್ದೆ.

ಕಲ್ಲನ್ನು ನೋಡಲು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಬೇಲೂರು, ಬಾದಾಮಿಗಳಿಗೆ ಶಾಲೆಯ ಪ್ರವಾಸ ಹೋದಂದಿನಿಂದಲೇ ಕಣ್ಣು ಪಳಗಿರುತ್ತದೆ. ಗಾಜಿನ ಮುಂದೆ ಅದೇ ಕಣ್ಣು ಜಾರುತ್ತದೆ. ನೋಟ ವಸ್ತುವಿನ ಮೇಲೆ ನಿಲ್ಲದೆ ಅದರೊಳಗೆ ತೂರಿ ಹಿಂದಿನ ಗೋಡೆಗೆ ತಾಗುತ್ತದೆ. ಹೀಗಾಗಿ ಗಾಜಿಗೆ ಒಂದು ಕ್ರಮ ಬೇಕು. 8ನೇ ಶತಮಾನದಿಂದ 15ನೇ ಶತಮಾನದವರೆಗೆ ಈಜಿಪ್ಟ್, ಸಿರಿಯಾ, ಇರಾಕ್, ಇರಾನ್‌ಗಳಲ್ಲಿ ತಯಾರಾದ ಗಾಜನ್ನು ನೋಡಲು ನಾನು ರೂಢಿಸಿಕೊಂಡ ಕ್ರಮವನ್ನು ಇಲ್ಲಿ ಹೇಳುತ್ತೇನೆ. ಪುಸ್ತಕಗಳು ಇದನ್ನು ಇಸ್ಲಾಮೀ ಗಾಜು ಎಂದು ಕರೆಯುತ್ತವೆ. ಹಾಗೆಂದು ಇದೆಲ್ಲ ಮಸೀದಿಯ ಗಾಜಲ್ಲ, ಮಾಡಿದವರೆಲ್ಲರೂ ಮುಸ್ಲಿಮರೂ ಅಲ್ಲ. ಯಹೂದಿಗಳು, ಕ್ರೈಸ್ತರು ಅದೇ ಊರುಗಳಲ್ಲಿ ಗಾಜು ಊದುತ್ತಿದ್ದರು. ಅತ್ತರಿನ ಕುಪ್ಪಿ, ಔಷಧಿಯ ಸೀಸೆ, ಕುಡಿಯುವ ಲೋಟ, ತೂಕದ ಬಟ್ಟು ಎಲ್ಲವೂ ಈ ಹೆಸರಿನಡಿ ಬರುತ್ತವೆ.

ಹೊರಡುವ ಮುನ್ನ

ಈ ಗಾಜು ಜಗತ್ತಿನ ಹಲವು ಕಡೆ ಹಂಚಿಹೋಗಿದೆ. ಮಸೀದಿ ದೀಪಗಳ ಅತಿ ದೊಡ್ಡ ಸಂಗ್ರಹ ಇರುವುದು ಕೈರೋದ ಇಸ್ಲಾಮೀ ಕಲಾ ವಸ್ತುಸಂಗ್ರಹಾಲಯದಲ್ಲಿ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಮತ್ತು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ, ಕೋಪನ್‌ಹೇಗನ್ನಿನ ಡೇವಿಡ್ ಸಂಗ್ರಹ, ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಗಾಜಿನ ಮ್ಯೂಸಿಯಂ, ಕುವೈತಿನ ಅಲ್-ಸಬಾಹ್ ಸಂಗ್ರಹ ಇವೆಲ್ಲವೂ ಹೆಸರಾದವು. ಕೊಲ್ಲಿಯಲ್ಲಿ ದುಡಿಯುವ ಕನ್ನಡಿಗರಿಗೆ ದೋಹಾದ ಇಸ್ಲಾಮೀ ಕಲಾ ಮ್ಯೂಸಿಯಂ ಹತ್ತಿರ. ಅಲ್ಲಿ ಕವೂರ್ ಹೂದಾನಿ ಎಂಬ ಕಡುನೀಲಿ ಗಾಜಿನ ಪಾತ್ರೆಯಿದೆ. 13ನೇ ಶತಮಾನದ ಕೊನೆಯದು, ಮೈತುಂಬ ಎನಾಮಲ್ (ಬಣ್ಣದ ಗಾಜಿನ ಪುಡಿಯಿಂದ ಬರೆದು ಸುಟ್ಟ ಚಿತ್ರ) ಮತ್ತು ಚಿನ್ನ. ಒಂದು ರಜೆಯ ದಿನವನ್ನು ಅದೊಂದಕ್ಕೇ ಕೊಟ್ಟರೂ ತಪ್ಪಿಲ್ಲ.

ಹೋಗಲಾಗದವರು ಮನೆಯಲ್ಲೇ ಕುಳಿತು ಈ ಕ್ರಮದ ಬಹುಪಾಲನ್ನು ಪಾಲಿಸಬಹುದು. ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ತನ್ನ ಸಂಗ್ರಹದ ಲಕ್ಷಾಂತರ ಚಿತ್ರಗಳನ್ನು ಎಲ್ಲರ ಬಳಕೆಗೆ ಮುಕ್ತಗೊಳಿಸಿತು. ಅದರ ಜಾಲತಾಣದಲ್ಲಿ 17.190.985 ಎಂದು ಹುಡುಕಿದರೆ ನಾನು ಮೇಲೆ ಹೇಳಿದ ದೀಪವೇ ತೆರೆದುಕೊಳ್ಳುತ್ತದೆ. ಇದು ವಸ್ತುವಿನ ದಾಖಲೆ ಸಂಖ್ಯೆ. ಮೊದಲ 17 ಎಂದರೆ ಅದು ಮ್ಯೂಸಿಯಂ ಸೇರಿದ್ದು 1917ರಲ್ಲಿ ಎಂದರ್ಥ. ಇಂತಹ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ. ವಿವರಣೆಯ ಮಾತುಗಳು ವರ್ಷ ಕಳೆದಂತೆ ಬದಲಾಗುತ್ತವೆ, ಸಂಖ್ಯೆ ಬದಲಾಗುವುದು ಅಪರೂಪ. ಖುದ್ದಾಗಿ ಹೋಗುವವರು ಆ ವಸ್ತು ಈಗ ಪ್ರದರ್ಶನದಲ್ಲಿದೆಯೇ ಎಂಬುದನ್ನು ಜಾಲತಾಣದಲ್ಲಿ ಮೊದಲೇ ನೋಡಿಕೊಳ್ಳಬೇಕು. ಎಷ್ಟೋ ವಸ್ತುಗಳು ಉಗ್ರಾಣದಲ್ಲಿರುತ್ತವೆ.

ಒಂದು ದಿನಕ್ಕೆ ಐದು ವಸ್ತು ಸಾಕು. ಒಂದೊಂದಕ್ಕೆ ಕಾಲು ಗಂಟೆ. ಜೊತೆಗೆ ಪೆನ್ಸಿಲ್ ಮತ್ತು ಚಿಕ್ಕ ಪುಸ್ತಕ ಇರಲಿ. ಕಡುಬಣ್ಣದ ತುಂಬುತೋಳಿನ ಅಂಗಿ ಹಾಕಿಕೊಂಡು ಹೋಗಿ. ಪ್ರದರ್ಶನ ಪೆಟ್ಟಿಗೆಯ ಗಾಜಿನಲ್ಲಿ ನಿಮ್ಮದೇ ಬಿಳಿ ಅಂಗಿ ಪ್ರತಿಫಲಿಸಿದರೆ ಒಳಗಿನ ಗಾಜು ಕಾಣುವುದೇ ಇಲ್ಲ.

ಮೊದಲ ಹೆಜ್ಜೆ: ಫಲಕವನ್ನು ಕೊನೆಗೆ ಇಟ್ಟುಕೊಳ್ಳಿ

ಇದು ಕಷ್ಟ, ಆದರೆ ಇದಿಲ್ಲದೆ ಉಳಿದದ್ದು ಕೈಗೂಡದು. "ಸಿರಿಯಾ, 13ನೇ ಶತಮಾನ" ಎಂದು ಓದಿದ ಕ್ಷಣದಲ್ಲಿ ಮನಸ್ಸು ತನಗೆಲ್ಲ ತಿಳಿಯಿತು ಎಂದು ಸುಮ್ಮನಾಗುತ್ತದೆ. ಮೊದಲ ಐದು ನಿಮಿಷ ಫಲಕಕ್ಕೆ ಬೆನ್ನು ಕೊಟ್ಟು ನಿಲ್ಲಿ. ಪಾತ್ರೆಯ ಹೊರಗೆರೆಯನ್ನು ಪುಸ್ತಕದಲ್ಲಿ ಬಿಡಿಸಿ. ಚಿತ್ರ ಚೆನ್ನಾಗಿ ಬರಬೇಕೆಂದೇನಿಲ್ಲ. ಬಿಡಿಸುವಾಗ ಕಣ್ಣು ಅಂಚಿನ ಗುಂಟ ನಿಧಾನವಾಗಿ ಇಳಿಯಬೇಕಾಗುತ್ತದೆ. ಕುತ್ತಿಗೆ ಒಂದು ಕಡೆಗೆ ವಾಲಿದೆ, ಬಾಯಿ ಪೂರಾ ದುಂಡಗಿಲ್ಲ, ಪಾದ ನಡುವಿನಿಂದ ತುಸು ಸರಿದಿದೆ ಎಂಬುದೆಲ್ಲ ಆಗಲೇ ಕಾಣುವುದು.

ಎರಡನೆಯ ಹೆಜ್ಜೆ: ಬುಡ

ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು ಬುಡವನ್ನು ನೋಡಿ. ಕೆಲವು ಮ್ಯೂಸಿಯಂಗಳು ಪಾತ್ರೆಯ ಕೆಳಗೆ ಕನ್ನಡಿ ಇಟ್ಟಿರುತ್ತವೆ. ಇನ್ನು ಕೆಲವೆಡೆ ಗಾಜಿನ ಹಲಗೆಯ ಮೇಲೆ ವಸ್ತುವಿರುವುದರಿಂದ ಅಡಿಯಿಂದಲೇ ನೋಡಬಹುದು. ನೀವು ಹುಡುಕಬೇಕಾದದ್ದು ನಡುಮಧ್ಯದಲ್ಲಿರುವ ಒರಟು ಗಾಯವನ್ನು.

ಆ ಗಾಯ ಹೀಗೆ ಆಗುತ್ತದೆ. ಕರಗಿದ ಗಾಜಿನ ಉಂಡೆಯನ್ನು ಕಬ್ಬಿಣದ ಊದುಗೊಳವೆಯ ತುದಿಗೆ ಹತ್ತಿಸಿ ಊದುತ್ತಾರೆ. ಹೊಟ್ಟೆ ಉಬ್ಬಿದ ಮೇಲೆ ಬಾಯಿಯ ಕಡೆ ರೂಪ ಕೊಡಬೇಕು. ಆದರೆ ಬಾಯಿ ಇರಬೇಕಾದ ಕಡೆ ಊದುಗೊಳವೆಯೇ ಅಂಟಿಕೊಂಡಿದೆ. ಆದ್ದರಿಂದ ಪಾಂಟಿಲ್ ಎಂಬ ಇನ್ನೊಂದು ಸರಳಿನ ತುದಿಗೆ ಸ್ವಲ್ಪ ಬಿಸಿ ಗಾಜು ಹಚ್ಚಿ ಬುಡಕ್ಕೆ ಅಂಟಿಸಿ, ಊದುಗೊಳವೆಯನ್ನು ಬಿಡಿಸುತ್ತಾರೆ. ಈಗ ಪಾತ್ರೆ ಬುಡದಿಂದ ಹಿಡಿದು ನಿಂತಿರುತ್ತದೆ. ಬಾಯಿಯನ್ನು ಮತ್ತೆ ಕಾಯಿಸಿ ಅಗಲಿಸಿ, ಮಡಿಸಿ, ಕೊನೆಗೆ ಪಾಂಟಿಲ್ ಸರಳನ್ನು ಒಂದೇಟಿಗೆ ಮುರಿದು ಬೇರ್ಪಡಿಸುತ್ತಾರೆ. ಆ ಮುರಿತದ ಗುರುತು ಬುಡದಲ್ಲಿ ಉಳಿಯುತ್ತದೆ. ಮಗುವಿನ ಹೊಕ್ಕುಳಿನ ಹಾಗೆ.

ಎನಾಮಲ್ ಬರೆದ ಪಾತ್ರೆಯಾಗಿದ್ದರೆ ಇನ್ನಷ್ಟು ಎಚ್ಚರದಿಂದ ನೋಡಿ. ಬಣ್ಣ ಬರೆದ ಮೇಲೆ ಅದನ್ನು ಪಾಂಟಿಲ್‌ಗೆ ಮತ್ತೊಮ್ಮೆ ಅಂಟಿಸಿ ಕುಲುಮೆಗೆ ಹಿಡಿಯುತ್ತಿದ್ದರು. ಅಂತಹ ಬುಡದಲ್ಲಿ ಒಂದರ ಪಕ್ಕ ಇನ್ನೊಂದು ಗುರುತು ಸಿಗಬಹುದು. ಒಂದೇ ಪಾತ್ರೆ ಎರಡು ಸಲ ಬೆಂಕಿಗೆ ಹೋಗಿ ಬಂದದ್ದಕ್ಕೆ ಅದು ಸಾಕ್ಷಿ.

ಮೂರನೆಯ ಹೆಜ್ಜೆ: ಗಾಜಿನ ಬಣ್ಣ, ಗುಳ್ಳೆ

ಈಗ ನಿಂತು ಪಾತ್ರೆಯ ಅತಿ ದಪ್ಪಗಿನ ಜಾಗವನ್ನು ನೋಡಿ. ಸಾಮಾನ್ಯವಾಗಿ ಬುಡ ಅಥವಾ ಹಿಡಿಕೆ. ತೆಳು ಜಾಗದಲ್ಲಿ ಬಣ್ಣವಿಲ್ಲದಂತೆ ತೋರುವ ಗಾಜು ಅಲ್ಲಿ ಹಸಿರು, ಹಳದಿ ಅಥವಾ ತಿಳಿಜೇನಿನ ಛಾಯೆ ತೋರಿಸುತ್ತದೆ. ಮರಳಿನಲ್ಲಿದ್ದ ಕಬ್ಬಿಣದ ಕೆಲಸ ಅದು. ಅದನ್ನು ಮರೆಮಾಡಲು ಮ್ಯಾಂಗನೀಸ್ ಬೆರೆಸುತ್ತಿದ್ದರು. ಮ್ಯಾಂಗನೀಸನ್ನೇ ಹೆಚ್ಚು ಹಾಕಿದರೆ ನೇರಳೆ, ಕೋಬಾಲ್ಟ್ ಹಾಕಿದರೆ ಕಡುನೀಲಿ, ತಾಮ್ರ ಹಾಕಿದರೆ ಹಸಿರುನೀಲಿ. ದೀಪಗಳ ಮೈಯಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಹೇರಳವಾಗಿರುತ್ತವೆ. ಅವುಗಳನ್ನು ದೋಷ ಎಂದುಕೊಳ್ಳಬೇಡಿ. ಅವು ಕುತ್ತಿಗೆಯಲ್ಲಿ ಉದ್ದಕ್ಕೆ ಎಳೆದಂತಿದ್ದರೆ ಗಾಜನ್ನು ಆ ದಿಕ್ಕಿಗೆ ಎಳೆದಿದ್ದಾರೆ ಎಂದು ತಿಳಿಯುತ್ತದೆ. ಕೈಯ ಚಲನೆ ಗುಳ್ಳೆಯಲ್ಲಿ ಹಾಗೆಯೇ ನಿಂತುಬಿಟ್ಟಿರುತ್ತದೆ.

ಕಣ್ಣಿಗೆ ಕಾಣದ ಒಂದು ಬದಲಾವಣೆಯೂ ಈ ಗಾಜಿನಲ್ಲಿದೆ. ರೋಮನ್ನರ ಕಾಲದಿಂದ ಗಾಜು ಮಾಡಲು ಬೇಕಾದ ಸೋಡಾ, ಅಂದರೆ ಮರಳನ್ನು ಸುಲಭವಾಗಿ ಕರಗಿಸುವ ಕ್ಷಾರ, ಈಜಿಪ್ಟಿನ ವಾದಿ ಅಲ್-ನತ್ರೂನ್ ಕಣಿವೆಯ ಒಣಸರೋವರಗಳಿಂದ ಬರುತ್ತಿತ್ತು. 8 ಮತ್ತು 9ನೇ ಶತಮಾನಗಳಲ್ಲಿ ಆ ಪೂರೈಕೆ ಕುಗ್ಗಿ, ಸಿರಿಯಾ ಮತ್ತು ಈಜಿಪ್ಟಿನ ಕುಲುಮೆಗಳು ಉಪ್ಪುನೆಲದಲ್ಲಿ ಬೆಳೆಯುವ ಗಿಡಗಳ ಬೂದಿಗೆ ಹೊರಳಿದವು. ಬೂದಿಯ ಗಾಜಿನಲ್ಲಿ ಮೆಗ್ನೀಸಿಯಂ, ಪೊಟ್ಯಾಸಿಯಂ ಹೆಚ್ಚು. ಪ್ರಯೋಗಾಲಯದವರು ಒಂದು ಚೂರನ್ನು ಪರೀಕ್ಷಿಸಿ ಅದು ಈ ಬದಲಾವಣೆಗೆ ಮುಂಚಿನದೋ ಆಮೇಲಿನದೋ ಎಂದು ಹೇಳಲು ಇದೇ ಆಧಾರ. ಫಲಕದಲ್ಲಿ "ಸಸ್ಯಬೂದಿ ಗಾಜು" ಎಂಬ ಮಾತು ಕಂಡರೆ ಇಷ್ಟೆಲ್ಲ ಅದರ ಹಿಂದಿದೆ.

ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಗಾಜು ಕರಗಿಸುವವನೂ ಪಾತ್ರೆ ಊದುವವನೂ ಒಬ್ಬನೇ ಆಗಿರಬೇಕಿರಲಿಲ್ಲ. ದೊಡ್ಡ ತೊಟ್ಟಿಗಳಲ್ಲಿ ಟನ್ನುಗಟ್ಟಲೆ ಗಾಜು ಬೇಯಿಸಿ, ಒಡೆದು, ಗಟ್ಟಿಗಳಾಗಿ ಊರೂರಿಗೆ ಮಾರುತ್ತಿದ್ದರು. ಇಸ್ರೇಲಿನ ಬೇತ್ ಶೆಆರೀಮ್‌ನಲ್ಲಿ ಸುಮಾರು 9 ಟನ್ ತೂಕದ ಒಂದೇ ಗಾಜಿನ ಚಪ್ಪಡಿ ಇವತ್ತಿಗೂ ಇದೆ. 9ನೇ ಶತಮಾನದ್ದು. ಸುಣ್ಣ ಹೆಚ್ಚಾಗಿ ಹದ ಕೆಟ್ಟಿದ್ದರಿಂದ ಅದನ್ನು ಯಾರೂ ಒಡೆದು ಮಾರಲಿಲ್ಲ. ಅಷ್ಟು ಗಾಜನ್ನು ದಿನಗಟ್ಟಲೆ ಬೇಯಿಸಿ, ಮುಚ್ಚಳ ತೆಗೆದಾಗ ಹಾಳಾಗಿರುವುದನ್ನು ಕಂಡವರ ಮುಖಗಳನ್ನು ನಾನು ಅನೇಕ ಸಲ ಊಹಿಸಿಕೊಂಡಿದ್ದೇನೆ.

ನಾಲ್ಕನೆಯ ಹೆಜ್ಜೆ: ಮೈಮೇಲಿನ ಹೊಳಪು ಯಾರದು?

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿ. ಕಾಮನಬಿಲ್ಲಿನಂತೆ ಹೊಳೆಯುವ ಒಂದು ಪುಟ್ಟ ಸೀಸೆಯನ್ನು ಕಂಡು "ಆಹಾ, ಆ ಕಾಲದಲ್ಲೇ ಎಂಥ ಬಣ್ಣ ಹಾಕಿದ್ದಾರೆ" ಎನ್ನುತ್ತಾರೆ. ಬಣ್ಣ ಹಾಕಿದ್ದು ಮಣ್ಣು. ನೂರಾರು ವರ್ಷ ತೇವದಲ್ಲಿ ಹೂತಿದ್ದ ಗಾಜಿನ ಮೇಲ್ಪದರದಿಂದ ಕ್ಷಾರಗಳು ಕರಗಿಹೋಗಿ, ತೆಳ್ಳನೆಯ ಪೊರೆಗಳು ಒಂದರ ಮೇಲೊಂದು ಉಳಿಯುತ್ತವೆ. ಬೆಳಕು ಆ ಪೊರೆಗಳಲ್ಲಿ ಒಡೆದು ನವಿಲಿನ ಕತ್ತಿನ ಬಣ್ಣ ತೋರುತ್ತದೆ. ಮಾಡಿದ ದಿನ ಆ ಸೀಸೆ ತಿಳಿನೀರಿನ ಹಾಗಿತ್ತು. ಕೆಲವೆಡೆ ಪೊರೆ ಕಂದು ಹೊಪ್ಪಳೆಯಾಗಿ ಎದ್ದಿರುತ್ತದೆ. ಅದರ ಅಂಚನ್ನು ಹುಡುಕಿದರೆ ಕೆಳಗಿನ ನಿಜಬಣ್ಣ ಇಣುಕುತ್ತದೆ.

ಹೊಳಪು ಏಕರೀತಿಯಲ್ಲಿರದೆ ಮೋಡದಂತೆ ಹರಡಿದ್ದರೆ, ವಿನ್ಯಾಸದ ಅಂಚನ್ನು ಲೆಕ್ಕಿಸದೆ ಹಬ್ಬಿದ್ದರೆ ಅದು ಮಣ್ಣಿನ ಕೆಲಸ. ಕುಂಚದ ಅಂಚು ಕಂಡರೆ ಮನುಷ್ಯನದು. ಮಸೀದಿ ದೀಪಗಳಲ್ಲಿ ಈ ಪೊರೆ ಸಾಮಾನ್ಯವಾಗಿ ಇರುವುದಿಲ್ಲ. ಅವು ಮಣ್ಣು ಸೇರದೆ ಶತಮಾನಗಳ ಕಾಲ ಚಾವಣಿಯಿಂದ ತೂಗಿಕೊಂಡೇ ಇದ್ದವು.

ಐದನೆಯ ಹೆಜ್ಜೆ: ಅಲಂಕಾರ ಬಿಸಿಯಲ್ಲೋ ತಣ್ಣಗಾದ ಮೇಲೋ?

ಅಲಂಕಾರವನ್ನು ನೋಡುವಾಗ ಹೂವೋ ಹಕ್ಕಿಯೋ ಎಂದು ಕೇಳುವುದಕ್ಕಿಂತ ಮೊದಲು ಈ ಪ್ರಶ್ನೆ ಕೇಳಿಕೊಳ್ಳಿ.

ಬಿಸಿ ಇರುವಾಗ ಮಾಡಿದ ಅಲಂಕಾರ ಮೃದು. ಜೇನುಗೂಡಿನಂತಹ ಅಚ್ಚಿನೊಳಗೆ ಊದಿ, ಹೊರತೆಗೆದು ಮತ್ತೆ ಊದಿದರೆ ವಿನ್ಯಾಸ ಹಿಗ್ಗಿ ಅಂಚುಗಳು ಮಸುಕಾಗುತ್ತವೆ. ಕಡುನೇರಳೆ ಗಾಜಿನ ಮೇಲೆ ಬಿಳಿ ಗಾಜಿನ ಎಳೆ ಸುತ್ತಿ, ಮೊನೆಯಿಂದ ಮೇಲಕ್ಕೂ ಕೆಳಕ್ಕೂ ಗೀರಿ, ಹಾಸುಗಲ್ಲಿನ ಮೇಲೆ ಹೊರಳಿಸಿ ಸಮ ಮಾಡಿದ ಪಾತ್ರೆಗಳಿವೆ. 12ರಿಂದ 14ನೇ ಶತಮಾನದವು. ಹಕ್ಕಿಯ ಗರಿಗಳನ್ನು ಸಾಲಾಗಿ ಜೋಡಿಸಿದಂತೆ ಕಾಣುತ್ತವೆ. ಆ ಬಿಳಿ ಗೆರೆಗಳನ್ನು ಬರೆದದ್ದು ಎಂದು ಭಾವಿಸಬೇಡಿ, ಅವು ಗಾಜಿನೊಳಗೆ ಹುದುಗಿವೆ.

ಇದೇ ಬಗೆಯ ಪಾತ್ರೆಗಳ ನಡುವೆ ಉದ್ದ ಕತ್ತಿನ, ಕಿರಿದಾದ ಬಾಯಿಯ ಒಂದು ಕುಪ್ಪಿ ಕಾಣಿಸಿದರೆ ನಿಲ್ಲಿ. ಅರಬ್ಬಿಯಲ್ಲಿ ಅದರ ಹೆಸರು ಕುಮ್‌ಕುಮ್. ಸುಗಂಧದ ನೀರನ್ನು ಚಿಮುಕಿಸುವ ಕುಪ್ಪಿ. ನಮ್ಮ ಮದುವೆಮನೆಯ ಬಾಗಿಲಲ್ಲಿ ಬೆಳ್ಳಿಯ ಪನ್ನೀರುದಾನಿ ಹಿಡಿದು ನಿಂತವರನ್ನು ಕಂಡವರಿಗೆ ಈ ಗಾಜಿನ ಕುಪ್ಪಿಯ ಬಳಕೆಯನ್ನು ಯಾರೂ ವಿವರಿಸಬೇಕಾಗಿಲ್ಲ. ಕೈ ತಾನಾಗಿಯೇ ಮುಂದಕ್ಕೆ ಚಾಚುತ್ತದೆ.

ತಣ್ಣಗಾದ ಮೇಲೆ ಕೊರೆದ ಅಲಂಕಾರ ಬೇರೆ ಜಾತಿಯದು. ಅಂಚುಗಳು ಚೂಪು, ಹಿನ್ನೆಲೆಯಲ್ಲಿ ತಿರುಗುಚಕ್ರದ ಸಣ್ಣ ಗೀರುಗಳು. ಕಾರ್ನಿಂಗ್ ಹೂಜಿ ಎಂದು ಹೆಸರಾದ, ಸುಮಾರು 1000ನೇ ಇಸವಿಯ ಪಾತ್ರೆಯನ್ನು ನೋಡಿ. ಬಣ್ಣವಿಲ್ಲದ ಗಾಜಿನ ಮೇಲೆ ಹಸಿರು ಗಾಜಿನ ಪದರ ಹೊದಿಸಿ, ಬೇಡವಾದ ಹಸಿರನ್ನೆಲ್ಲ ಉಜ್ಜಿ ತೆಗೆದು, ಉಳಿದ ಹಸಿರಿನಲ್ಲೇ ಪ್ರಾಣಿಪಕ್ಷಿಗಳನ್ನು ನಿಲ್ಲಿಸಿದ್ದಾರೆ. ಗೋಡೆ ತೀರ ತೆಳುವಾಗುವವರೆಗೆ ಕೊರೆದಿದ್ದಾರೆ. ಚಕ್ರ ಒಂದು ಕೂದಲೆಳೆಯಷ್ಟು ಆಳಕ್ಕೆ ಇಳಿದಿದ್ದರೂ ಎಲ್ಲವೂ ಮುಗಿಯುತ್ತಿತ್ತು. ಇಡೀ ಇಸ್ಲಾಮೀ ಗಾಜಿನಲ್ಲಿ ಒಂದನ್ನೇ ಆರಿಸು ಎಂದರೆ ನಾನು ಇದನ್ನು ಆರಿಸುತ್ತೇನೆ, ಚಿನ್ನದ ದೀಪಗಳನ್ನಲ್ಲ.

ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಹೆಡ್‌ವಿಗ್ ಲೋಟವೂ ಕೊರೆದದ್ದೇ. ಸಿಂಹ, ಗರುಡ, ರೆಕ್ಕೆಯ ಮೃಗಗಳನ್ನು ದಪ್ಪ ಗಾಜಿನಲ್ಲಿ ಕಡೆದಿದ್ದಾರೆ. ಇಂತಹ ಇಡಿಯಾದ ಲೋಟಗಳು ಜಗತ್ತಿನಲ್ಲಿ ಹದಿನಾಲ್ಕರ ಆಸುಪಾಸು ಉಳಿದಿವೆ. 1243ರಲ್ಲಿ ತೀರಿಕೊಂಡ, ಮಧ್ಯ ಯುರೋಪಿನ ಸೈಲೀಸಿಯಾದ ಸಂತ ಹೆಡ್‌ವಿಗ್ ಕೈಯಲ್ಲಿ ನೀರು ದ್ರಾಕ್ಷಾರಸವಾಯಿತು ಎಂಬ ಕಥೆಯಿಂದ ಆ ಹೆಸರು ಬಂದಿದೆ. ಅವು ಸಿರಿಯಾದ ತೀರದವೋ, ನಾರ್ಮನ್ ದೊರೆಗಳ ಸಿಸಿಲಿಯವೋ ಎಂಬ ವಾದ ವಿದ್ವಾಂಸರ ನಡುವೆ ಇನ್ನೂ ನಡೆದಿದೆ.

ಮೂರನೆಯ ಬಗೆ ಬಣ್ಣ ಬರೆದು ಮತ್ತೆ ಸುಟ್ಟದ್ದು. ಅದರಲ್ಲಿ ಹಳೆಯದು ಲಸ್ಟರ್. ಬೆಳ್ಳಿ, ತಾಮ್ರದ ಸಂಯುಕ್ತಗಳಿಂದ ಬರೆದು ಗಾಳಿ ಕಡಿಮೆ ಇರುವ ಕುಲುಮೆಯಲ್ಲಿ ಕಾಯಿಸಿದರೆ ಬಣ್ಣ ಗಾಜಿನೊಳಕ್ಕೇ ಇಳಿಯುತ್ತದೆ. ಬೆರಳಾಡಿಸಿದರೆ ತಗಲುವುದಿಲ್ಲ. ಹಳೆಯ ಕೈರೋ ಆದ ಫುಸ್ತಾತ್‌ನಲ್ಲಿ ಸಿಕ್ಕಿ ಈಗ ಕೈರೋದ ಮ್ಯೂಸಿಯಂನಲ್ಲಿರುವ ಒಂದು ಲೋಟದ ಮೇಲೆ ಅಬ್ದ್ ಅಲ್-ಸಮದ್ ಇಬ್ನ್ ಅಲಿ ಎಂಬ ರಾಜ್ಯಪಾಲನ ಹೆಸರಿದೆ. ಆತ ಈಜಿಪ್ಟಿನಲ್ಲಿ ಅಧಿಕಾರದಲ್ಲಿದ್ದುದು 773ರಲ್ಲಿ. ಕುಂಬಾರರು ಲಸ್ಟರ್ ಬಳಸಿದ್ದು 9ನೇ ಶತಮಾನದಲ್ಲಿ. ಅಂದರೆ ಈ ವಿದ್ಯೆ ಗಾಜಿನಿಂದ ಮಡಕೆಗೆ ಹೋಯಿತು.

ಎನಾಮಲ್ ಹಾಗಲ್ಲ. ಅದು ಬಣ್ಣದ ಗಾಜಿನ ಪುಡಿ. ಅಂಟಿನಲ್ಲಿ ಕಲಸಿ ಬರೆದು ಸುಟ್ಟಾಗ ಮೈಮೇಲೆ ದಪ್ಪವಾಗಿ ಉಬ್ಬಿ ನಿಲ್ಲುತ್ತದೆ. ಪಾತ್ರೆಯ ಗಾಜು ಮೆತ್ತಗಾಗಿ ಕುಸಿಯುವ ಮೊದಲೇ ಪುಡಿ ಕರಗಿ ಅಂಟಬೇಕು. ಆ ಎರಡು ಶಾಖಗಳ ನಡುವಿನ ಅಂತರ ಕಿರಿದು. ಪಕ್ಕದಿಂದ ಓರೆಯಾಗಿ ನೋಡಿದರೆ ಎನಾಮಲ್‌ನ ಉಬ್ಬು ಕಾಣುತ್ತದೆ, ಕೆಲವೆಡೆ ಉದುರಿದ ಜಾಗವೂ ಕಾಣುತ್ತದೆ. ನೀಲಿಯ ಕೆಲವು ಮಾದರಿಗಳಲ್ಲಿ ಲಾಜವರ್ದ ಕಲ್ಲಿನ ಪುಡಿ ಇರುವುದನ್ನು ಪರೀಕ್ಷೆಗಳು ತೋರಿಸಿವೆ. ಕೆಂಪು ರೇಖೆಗಳು ಕಬ್ಬಿಣದ ಆಕ್ಸೈಡಿನವು. ಚಿನ್ನದ ಅಂಚುಗಟ್ಟಲು ಅವುಗಳನ್ನು ಬಳಸುತ್ತಿದ್ದರು. ಚಿನ್ನ ಸವೆದುಹೋದ ಕಡೆ ಆ ಕೆಂಪು ಗೆರೆ ಮಾತ್ರ ಉಳಿದಿರುತ್ತದೆ. ಅಲ್ಲಿ ಹೊಳಪನ್ನು ನೀವೇ ಮನಸ್ಸಿನಲ್ಲಿ ತುಂಬಿಕೊಳ್ಳಬೇಕು.

ಆರನೆಯ ಹೆಜ್ಜೆ: ದೀಪವನ್ನು ಹೊತ್ತಿಸಿ ನೋಡಿ

ಮಸೀದಿ ದೀಪ ಎಂದು ಕರೆಯುವ ಈ ಪಾತ್ರೆ ನಿಜಕ್ಕೂ ದೀಪದ ಹೊರಗವಸು. ಹಿಡಿಕೆಗಳನ್ನು ಎಣಿಸಿ, ಸಾಮಾನ್ಯವಾಗಿ ಆರು ಇರುತ್ತವೆ. ಕೈಯಲ್ಲಿ ಹಿಡಿಯಲು ಅಲ್ಲ, ಸರಪಳಿಗಳನ್ನು ಸಿಕ್ಕಿಸಲು. ಒಳಗೆ ನೀರಿನ ಮೇಲೆ ಎಣ್ಣೆ ತೇಲಿಸಿ ಬತ್ತಿ ಇಟ್ಟ ಚಿಕ್ಕದೊಂದು ಗಾಜಿನ ಬಟ್ಟಲು ಇರುತ್ತಿತ್ತು. ನಮ್ಮ ದೇವಸ್ಥಾನಗಳ ತೂಗುದೀಪವನ್ನು ಕೆಳಗೆ ನಿಂತು ನೋಡುವ ಹಾಗೆಯೇ ಇದನ್ನೂ ಜನ ಕತ್ತೆತ್ತಿ ನೋಡುತ್ತಿದ್ದರು. ಮ್ಯೂಸಿಯಂನಲ್ಲಿ ಅದು ಕಣ್ಣಿನ ಮಟ್ಟದಲ್ಲಿ ಕುಳಿತಿರುವುದರಿಂದ ಒಂದು ಸಲ ಬಗ್ಗಿ ಕೆಳಗಿನಿಂದ ನೋಡಲೇಬೇಕು. ಹೊಟ್ಟೆಯ ಕೆಳಭಾಗದಲ್ಲೂ ಏಕೆ ಅಷ್ಟೊಂದು ಚಿತ್ರಿಸಿದ್ದಾರೆ ಎಂಬುದು ಆಗ ಅರ್ಥವಾಗುತ್ತದೆ.

ಅನೇಕ ದೀಪಗಳ ಕುತ್ತಿಗೆಯ ಸುತ್ತ ಕುರಾನಿನ 24ನೇ ಅಧ್ಯಾಯದ 35ನೇ ವಚನ ಇರುತ್ತದೆ. "ಅಲ್ಲಾಹು ನೂರು" ಎಂದು ಶುರುವಾಗುವ ಬೆಳಕಿನ ವಚನ. ದೇವರು ಆಕಾಶ ಭೂಮಿಗಳ ಬೆಳಕು, ಆ ಬೆಳಕು ಗೂಡಿನೊಳಗಿನ ದೀಪದಂತೆ, ದೀಪ ಗಾಜಿನೊಳಗಿದೆ, ಗಾಜು ಮಿನುಗುವ ತಾರೆಯಂತಿದೆ ಎಂಬುದು ಅದರ ಭಾವ. ಈ ಮಾತನ್ನು ಗಾಜಿನ ಮೇಲೆಯೇ ಬರೆದು, ಒಳಗೆ ದೀಪ ಹಚ್ಚಿದಾಗ ಓದಿದ್ದು ಕಣ್ಣೆದುರಿಗೇ ನಡೆಯುತ್ತದೆ. ಬರಹ ಮತ್ತು ವಸ್ತು ಇಷ್ಟು ಹತ್ತಿರ ಬಂದ ಇನ್ನೊಂದು ಉದಾಹರಣೆಯನ್ನು ನಾನು ಕಂಡಿಲ್ಲ.

ಅರಬ್ಬಿ ಓದಲು ಬಾರದವರೂ ಬರಹದ ಬಣ್ಣವನ್ನು ಗಮನಿಸಬಹುದು. ಕುತ್ತಿಗೆಯಲ್ಲಿ ಅಕ್ಷರಗಳನ್ನೇ ನೀಲಿ ಎನಾಮಲ್‌ನಿಂದ ಬರೆದು, ಹೊಟ್ಟೆಯಲ್ಲಿ ಸುತ್ತಲಿನ ನೆಲಕ್ಕೆ ನೀಲಿ ತುಂಬಿ ಅಕ್ಷರಗಳನ್ನು ಖಾಲಿ ಬಿಟ್ಟ ದೀಪಗಳು ಹಲವು. ದೀಪ ಉರಿಯುವಾಗ ಕುತ್ತಿಗೆಯ ಅಕ್ಷರಗಳು ಬೆಳಕಿನ ಎದುರು ಕಪ್ಪಗೆ ನಿಲ್ಲುತ್ತವೆ, ಹೊಟ್ಟೆಯ ಅಕ್ಷರಗಳು ತಾವೇ ಬೆಳಗುತ್ತವೆ. ಹೊಟ್ಟೆಯ ಮೇಲೆ ಇರುವುದು ಬಹಳ ಸಲ ದಾನ ಕೊಟ್ಟವರ ಹೆಸರು ಮತ್ತು ಬಿರುದು. ದಾನಿಯ ಹೆಸರನ್ನು ಬೆಳಗಿಸುವುದರಲ್ಲಿ ಲೆಕ್ಕಾಚಾರ ಇತ್ತು ಎಂದೇ ನನ್ನ ನಂಬಿಕೆ.

ದುಂಡನೆಯ ಚೌಕಟ್ಟುಗಳೊಳಗೆ ಒಂದು ಚಿಹ್ನೆ ಇದೆಯೇ ನೋಡಿ. ಗುಲಾಮ ಸೈನಿಕರಾಗಿ ಬಂದು ಈಜಿಪ್ಟ್, ಸಿರಿಯಾಗಳನ್ನು ಆಳಿದ ಮಮ್ಲೂಕರ ಅಮೀರರು, ಅಂದರೆ ಸೇನಾ ಸರದಾರರು, ತಾವು ಅರಮನೆಯಲ್ಲಿ ಮಾಡುತ್ತಿದ್ದ ಊಳಿಗವನ್ನು ಲಾಂಛನವಾಗಿ ಇಟ್ಟುಕೊಳ್ಳುತ್ತಿದ್ದರು. ಬಟ್ಟಲು ಕಂಡರೆ ಪಾನೀಯ ಬಡಿಸುವ ಸಾಕಿ, ಲೇಖನಿಯ ಪೆಟ್ಟಿಗೆ ಕಂಡರೆ ಬರಹದ ಅಧಿಕಾರಿ ದವಾದಾರ್, ಪೋಲೋ ಕೋಲುಗಳಿದ್ದರೆ ಜೂಕಂದಾರ್, ಕತ್ತಿಯಿದ್ದರೆ ಸಿಲಾಹ್‌ದಾರ್. ನಾನು ಮೊದಲು ಹೇಳಿದ ಮೆಟ್ರೊಪಾಲಿಟನ್ ದೀಪದ ಮೇಲೆ ಬೆನ್ನಿಗೆ ಬೆನ್ನಾಗಿ ಎರಡು ಬಿಲ್ಲುಗಳಿವೆ. ಅದು ಬುಂದುಕ್‌ದಾರ್, ಅಂದರೆ ಸುಲ್ತಾನನ ಬಿಲ್ಲನ್ನು ಕಾಯುವವನ ಗುರುತು. ದೀಪ ಅಮೀರ್ ಅಯ್ದಕೀನನ ಸಮಾಧಿಗಾಗಿ ಮಾಡಿಸಿದ್ದು. ಗುಲಾಮನಾಗಿ ಬಂದು ಅಮೀರನಾದವನು ತನ್ನ ಹಳೆಯ ಊಳಿಗವನ್ನು ಮರೆಮಾಚದೆ ಸಮಾಧಿಯ ದೀಪದ ಮೇಲೂ ಬರೆಸಿಕೊಳ್ಳುವುದು ನನಗೆ ಬಹಳ ಗೌರವದ ನಡೆಯಾಗಿ ತೋರುತ್ತದೆ.

ಏಳನೆಯ ಹೆಜ್ಜೆ: ಈಗ ಫಲಕ ಓದಿ

ಫಲಕದ ಮಾತುಗಳನ್ನು ತೂಗಿ ನೋಡಬೇಕು. "1285ರ ನಂತರ" ಎಂದಿದ್ದರೆ ಏಕೆ ಎಂದು ಕೇಳಿ. ಅಯ್ದಕೀನ್ ಸತ್ತದ್ದು 1285ರಲ್ಲಿ, ದೀಪ ಅವನ ಸಮಾಧಿಗೆ, ಆದ್ದರಿಂದ ಆ ಇಸವಿ. ಹೆಸರು ಇರುವ ವಸ್ತುವಿಗೆ ಹೀಗೆ ಬಿಗಿಯಾದ ಕಾಲ ಸಿಗುತ್ತದೆ, ಇಲ್ಲದ್ದಕ್ಕೆ "12-13ನೇ ಶತಮಾನ" ಎಂಬ ಸಡಿಲ ಅಂಗಿ. "ಸಿರಿಯಾ ಅಥವಾ ಈಜಿಪ್ಟ್" ಎಂದಿದ್ದರೆ ಅದು ಸೋಮಾರಿತನವಲ್ಲ. ಎರಡೂ ಒಂದೇ ಸುಲ್ತಾನರ ಕೈಯಲ್ಲಿದ್ದವು, ಕುಶಲಕರ್ಮಿಗಳೂ ಸರಕೂ ಅತ್ತಿತ್ತ ಓಡಾಡುತ್ತಿದ್ದವು. ಕೆಲವು ಫಲಕಗಳಲ್ಲಿ ಇಸ್ಲಾಮೀ ಪಂಚಾಂಗದ, 622ರಿಂದ ಎಣಿಸುವ ಹಿಜರಿ ವರ್ಷವೂ ಇರುತ್ತದೆ. ಅದು ಚಾಂದ್ರಮಾನದ ಪುಟ್ಟ ವರ್ಷವಾದ್ದರಿಂದ 622 ಕೂಡಿಸಿದರೆ ಸರಿಹೋಗುವುದಿಲ್ಲ. ಹಿಜರಿ 684 ಎಂದರೆ 1285-86.

"19ನೇ ಶತಮಾನ, ಪ್ಯಾರಿಸ್" ಎಂದು ಕಂಡರೆ ನಿರಾಶರಾಗಬೇಡಿ. ಫಿಲಿಪ್ ಜೋಸೆಫ್ ಬ್ರೊಕಾರ್ ಎಂಬ ಫ್ರೆಂಚ್ ಕಲಾವಿದ ಮಮ್ಲೂಕರ ದೀಪಗಳನ್ನು ಅಧ್ಯಯನ ಮಾಡಿ, ಕಳೆದುಹೋಗಿದ್ದ ವಿದ್ಯೆಯನ್ನು ಮತ್ತೆ ಕೈಗೆ ತಂದುಕೊಂಡು 1867ರ ಪ್ಯಾರಿಸ್ ಪ್ರದರ್ಶನದಲ್ಲಿ ತೋರಿಸಿದ. ಅವನ ಗಾಜು ಹೆಚ್ಚು ಶುಭ್ರ, ಗುಳ್ಳೆ ಕಡಿಮೆ, ರೇಖೆ ಹೆಚ್ಚು ನೇರ. ಹಳೆಯ ದೀಪದ ಪಕ್ಕದಲ್ಲಿ ಇಟ್ಟಿದ್ದರೆ ಎರಡನ್ನೂ ಹೋಲಿಸಿ ನೋಡುವುದೇ ಒಂದು ಪಾಠ.

ಎಂಟನೆಯ ಹೆಜ್ಜೆ: ಇದು ಇಲ್ಲಿಗೆ ಹೇಗೆ ಬಂತು?

ಒಡೆಯುವ ವಸ್ತು ಏಳೆಂಟು ನೂರು ವರ್ಷ ಉಳಿದಿದೆ ಎಂದರೆ ಯಾರೋ ಕಾಪಾಡಿದ್ದಾರೆ, ಇಲ್ಲವೇ ಯಾವುದೋ ಅವಘಡ ಅದನ್ನು ಬಚ್ಚಿಟ್ಟಿದೆ.

ಸುಮಾರು 1025ರಲ್ಲಿ ಸಿರಿಯಾದ ತೀರದಿಂದ ಹೊರಟ ಹಡಗೊಂದು ಇಂದಿನ ಟರ್ಕಿಯ ಸೆರ್ಚೆ ಲಿಮಾನಿ ಎಂಬಲ್ಲಿ ಮುಳುಗಿತು. 1977ರಿಂದ 1979ರವರೆಗೆ ಮುಳುಗುಗಾರರು ಅದನ್ನು ಶೋಧಿಸಿದಾಗ ಸುಮಾರು 3 ಟನ್ ಗಾಜು ಸಿಕ್ಕಿತು. ಎರಡು ಟನ್ ಹಸಿ ಗಾಜಿನ ಗಟ್ಟಿ, ಒಂದು ಟನ್ ಒಡೆದ ಪಾತ್ರೆಗಳ ಚೂರು. ಮತ್ತೆ ಕರಗಿಸಲು ಒಯ್ಯುತ್ತಿದ್ದ ಗುಜರಿ ಅದು. ವರ್ಷಗಟ್ಟಲೆ ಕುಳಿತು ಚೂರುಗಳನ್ನು ಜೋಡಿಸಿದ್ದಾರೆ. ಬೊದ್ರುಮ್ ಕೋಟೆಯ ಮ್ಯೂಸಿಯಂನಲ್ಲಿ ಅವು ಇವೆ. ಚೀನಾದ ಶಾಂಶಿ ಪ್ರಾಂತದ ಫಾಮೆನ್ ಬೌದ್ಧ ದೇಗುಲದ ನೆಲಮಾಳಿಗೆಯನ್ನು 874ರಲ್ಲಿ ಮುಚ್ಚಿದ್ದರು. 1987ರಲ್ಲಿ ತೆರೆದಾಗ ಬುದ್ಧನ ಅವಶೇಷಗಳ ಜೊತೆಗೆ ಪಶ್ಚಿಮದಿಂದ ಬಂದ, ಗೀರಿ ಚಿತ್ರಿಸಿದ ನೀಲಿ ಗಾಜಿನ ತಟ್ಟೆಗಳಿದ್ದವು. ಅದೇ ಬಗೆಯ ಗಾಜು ಇರಾನಿನ ನೀಶಾಪುರದ ಉತ್ಖನನದಲ್ಲೂ ಸಿಕ್ಕಿದೆ. ಚೀನಾದ ಬಾಗಿಲು ಮುಚ್ಚಿದ ದಿನಾಂಕ ಇರಾನಿನ ಗಾಜಿನ ಕಾಲವನ್ನು ಹೇಳುತ್ತದೆ.

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್‌ನಲ್ಲಿ "ಈಡನ್‌ಹಾಲ್‌ನ ಅದೃಷ್ಟ" ಎಂಬ ಎನಾಮಲ್ ಲೋಟವಿದೆ. 14ನೇ ಶತಮಾನದ ನಡುವಿನದು. ಅದು ಯುರೋಪಿಗೆ ಹೋಗಿ, ಯೇಸುವಿನ ಹೆಸರಿನ ಅಕ್ಷರಗಳಿರುವ ಚರ್ಮದ ಪೆಟ್ಟಿಗೆಯೊಳಗೆ ಸೇರಿ, ಇಂಗ್ಲೆಂಡಿನ ಮಸ್‌ಗ್ರೇವ್ ಮನೆತನದಲ್ಲಿ ತಲೆಮಾರುಗಳ ಕಾಲ ಉಳಿಯಿತು. ಲೋಟ ಒಡೆದರೆ ಮನೆತನದ ಅದೃಷ್ಟ ಹೋಗುತ್ತದೆ ಎಂದು ನಂಬಿದ್ದರು. ಆ ಮನೆತನದ್ದಾಗಿದ್ದ ಈಡನ್ ಹಾಲ್ ಬಂಗಲೆಯನ್ನು 1934ರಲ್ಲಿ ಕೆಡವಿದರು. ಲೋಟಕ್ಕೆ ಒಂದು ಗೀರೂ ಬಿದ್ದಿಲ್ಲ.

ಕನ್ನಡ ನಾಡಿಗೂ ಇದೇ ದಾರಿಯ ಒಂದು ಕೊನೆ ತಾಗುತ್ತದೆ. ಲಸ್ಟರ್ ಲೋಟ ಸಿಕ್ಕ ಫುಸ್ತಾತ್‌ನ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಒಂದರಲ್ಲೇ ಯಹೂದಿ ವ್ಯಾಪಾರಿಗಳ ಸಾವಿರಾರು ಹಳೆಯ ಕಾಗದಗಳು ದೊರೆತವು. ಅವುಗಳಲ್ಲಿ 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿ ಹಿತ್ತಾಳೆ ಪಾತ್ರೆಗಳ ಕಾರ್ಖಾನೆ ನಡೆಸಿದ ಅಬ್ರಹಾಂ ಬೆನ್ ಯಿಜುವಿನ ಪತ್ರಗಳೂ ಇವೆ. ಯೆಮನ್ನಿನ ಬಂದರು ಏಡನ್‌ನ ಗೆಳೆಯರು ಅವನಿಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ ಕಳಿಸುತ್ತಿದ್ದರು. ಕಡಲಾಚೆಯ ಈ ಊರುಗಳ ಹೆಸರನ್ನು ಫಲಕದಲ್ಲಿ ಓದುವಾಗ ಮಂಗಳೂರಿನವರಿಗೆ ಅವು ಅಷ್ಟೇನೂ ದೂರದವಲ್ಲ.

ಉಳಿದದ್ದೂ ಸದಾ ಉಳಿಯುತ್ತದೆ ಎನ್ನುವ ಹಾಗಿಲ್ಲ. 2014ರ ಜನವರಿ 24ರಂದು ಕೈರೋ ಮ್ಯೂಸಿಯಂ ಎದುರಿನ ಪೊಲೀಸ್ ಕೇಂದ್ರ ಕಚೇರಿಯ ಬಳಿ ಬಾಂಬ್ ಸ್ಫೋಟಿಸಿದಾಗ ಶತಮಾನಗಳನ್ನು ದಾಟಿ ಬಂದಿದ್ದ ದೀಪಗಳು ಒಡೆದವು. ಸಂರಕ್ಷಕರು ಚೂರುಗಳನ್ನು ಆರಿಸಿ ಜೋಡಿಸಿದರು. ಮ್ಯೂಸಿಯಂ 2017ರಲ್ಲಿ ಮತ್ತೆ ತೆರೆಯಿತು. ಅಲ್ಲಿಗೆ ಹೋದರೆ ಜೋಡಣೆಯ ಗೆರೆಗಳನ್ನು ಹುಡುಕಿ. ಅವೂ ಈಗ ಆ ಗಾಜಿನ ಚರಿತ್ರೆಯ ಭಾಗ.

ಉಳಿದ ಹತ್ತು ನಿಮಿಷ

ದೊಡ್ಡ ದೀಪಗಳನ್ನು ನೋಡಿ ಮುಗಿದ ಮೇಲೆ ಮೂಲೆಯ ಪೆಟ್ಟಿಗೆಗಳಿಗೆ ಹೋಗಿ. ಅಲ್ಲಿ ನಾಲ್ಕು ಕಾಲುಗಳ ಮೇಲೆ ನಿಂತ, ದವಡೆ ಹಲ್ಲಿನಂತಿರುವ ಬೆರಳುದ್ದದ ಅತ್ತರಿನ ಕುಪ್ಪಿಗಳಿರುತ್ತವೆ. ಅವುಗಳ ಪಕ್ಕದಲ್ಲಿ ನಾಣ್ಯದಂತಹ ದುಂಡು ಗಾಜಿನ ಬಿಲ್ಲೆಗಳಿದ್ದರೆ ಅವು ಈಜಿಪ್ಟಿನ ತೂಕದ ಬಟ್ಟುಗಳು, 8ನೇ ಶತಮಾನದಿಂದ ಮುಂದಿನವು. 4.25 ಗ್ರಾಂ ತೂಗಬೇಕಾದ ಚಿನ್ನದ ದೀನಾರನ್ನು ಇವುಗಳಿಂದ ಪರೀಕ್ಷಿಸುತ್ತಿದ್ದರು. ಲೋಹದ ಬಟ್ಟನ್ನು ಗುಟ್ಟಾಗಿ ಅರದಿಂದ ಉಜ್ಜಬಹುದು, ಗಾಜನ್ನು ಉಜ್ಜಿದರೆ ಗುರುತು ಉಳಿಯುತ್ತದೆ. ಬಿಲ್ಲೆಯ ಮೇಲೆ ಅಧಿಕಾರಿಯ ಹೆಸರಿನ ಮುದ್ರೆಯಿದೆ. ಎದುರಿನಿಂದ ನೋಡಿದರೆ ಅಕ್ಷರ ಕಾಣಿಸದು. ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಪೆಟ್ಟಿಗೆಯ ದೀಪ ಓರೆಯಾಗಿ ಬೀಳುವ ಕೋನದಲ್ಲಿ ಕಣ್ಣಿಟ್ಟರೆ ಅದು ಎದ್ದು ಬರುತ್ತದೆ.